ಯಾವ ಚೆನ್ನಮ್ಮ?

ನವೆಂಬರ್ ಬಂತೆಂದರೆ ನಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ಸುತ್ತತೊಡಗುತ್ತದೆ. ಕುದುರೆಯ ಮೇಲೆ ಕತ್ತಿ ಹಿಡಿದು ಕುಳಿತ ರಾಣಿಯ ಚಿತ್ರ, ಅದರ ಕೆಳಗೆ ಮೂರು ಸಾಲು. ಶಿವಾಜಿಯ ಮಗನಿಗೆ ಆಶ್ರಯ ಕೊಟ್ಟವಳು, ಔರಂಗಜೇಬನ ಸೈನ್ಯವನ್ನು ಎದುರಿಸಿದವಳು, ಥ್ಯಾಕರೆಯನ್ನು ಕೆಡವಿ ಬ್ರಿಟಿಷರನ್ನು ನಡುಗಿಸಿದವಳು ನಮ್ಮ ರಾಣಿ ಚೆನ್ನಮ್ಮ! ಎಲ್ಲರೂ ಕೈಮುಗಿದು ಮುಂದಕ್ಕೆ ಕಳಿಸುತ್ತಾರೆ. ಆದರೆ ಶಿವಾಜಿಯ ಮಗ ಬಂದದ್ದು 1689ರಲ್ಲಿ, ಥ್ಯಾಕರೆ ಸತ್ತದ್ದು 1824ರಲ್ಲಿ. ನಡುವೆ 135 ವರ್ಷ ಇದೆ.

ಅದರಲ್ಲಿರುವ ಯಾವ ಮಾತೂ ಸುಳ್ಳಲ್ಲ. ಇಬ್ಬರ ಬದುಕನ್ನು ಒಬ್ಬಳ ಲೆಕ್ಕಕ್ಕೆ ಬರೆದಿದ್ದಾರೆ, ಅಷ್ಟೆ.

ನನ್ನ ಉದ್ಯೋಗದಲ್ಲಿ ಇದು ದಿನನಿತ್ಯದ ತಲೆನೋವು. ಲಕ್ಷಗಟ್ಟಲೆ ಗ್ರಾಹಕರ ಪಟ್ಟಿಯಲ್ಲಿ ಒಂದೇ ಹೆಸರಿನವರು ಹತ್ತಾರು ಮಂದಿ ಇರುತ್ತಾರೆ. ಇಬ್ಬರನ್ನು ಒಬ್ಬರೆಂದು ಸೇರಿಸಿಬಿಟ್ಟರೆ ಒಬ್ಬರ ಸಾಲ ಇನ್ನೊಬ್ಬರ ತಲೆಗೆ ಬರುತ್ತದೆ. ಹಾಗಾಗಿ ಹೆಸರನ್ನು ನಂಬದೆ ಊರು, ತಂದೆ ಅಥವಾ ಗಂಡನ ಹೆಸರು, ಹುಟ್ಟಿದ ದಿನ ಎಲ್ಲವನ್ನೂ ತಾಳೆ ನೋಡುತ್ತೇವೆ. ಚೆನ್ನಮ್ಮಂದಿರ ವಿಷಯದಲ್ಲಿ ತಮಾಷೆಯೆಂದರೆ, ಹೆಸರಿನ ಜೊತೆಗೆ ಕಥೆಯೂ ಹೊಂದಿಬಿಡುತ್ತದೆ. ಇಬ್ಬರೂ ಗಂಡನನ್ನು ಕಳೆದುಕೊಂಡವರು. ಇಬ್ಬರ ಕಥೆಯಲ್ಲೂ ದತ್ತುಪುತ್ರನಿದ್ದಾನೆ. ಇಬ್ಬರೂ ತಮಗಿಂತ ಹಲವು ಪಟ್ಟು ದೊಡ್ಡ ಶಕ್ತಿಯ ಎದುರು ನಿಂತವರು. ಯಾವ ಕಂಪ್ಯೂಟರ್ ಆದರೂ ಮೋಸಹೋಗುವಂಥ ಹೋಲಿಕೆ ಇದು.

ಕಿತ್ತೂರಿನ ಚೆನ್ನಮ್ಮನ ಕಥೆ ನಮಗೆಲ್ಲ ಬಾಯಿಪಾಠ. ಕಾಕತಿಯ ಮಗಳು, ಮಲ್ಲಸರ್ಜ ದೇಸಾಯಿಯ ಎರಡನೇ ಹೆಂಡತಿ. 1816ರಲ್ಲಿ ಗಂಡ ತೀರಿಕೊಂಡ, 1824ರಲ್ಲಿ ಹಿರಿಯ ಹೆಂಡತಿ ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜನೂ ಹೋದ. ದತ್ತು ತೆಗೆದುಕೊಂಡ ಹುಡುಗನನ್ನು ಕಂಪನಿ ಸರ್ಕಾರ ಒಪ್ಪಲಿಲ್ಲ. ಆ ವರ್ಷದ ಅಕ್ಟೋಬರ್ 23ರಂದು ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಗುಂಡಿಗೆ ಬಲಿಯಾದ. ಡಿಸೆಂಬರ್‌ನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಬಿತ್ತು. ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ಚೆನ್ನಮ್ಮ ಕಣ್ಣುಮುಚ್ಚಿದಳು. 1961ರಲ್ಲಿ ಬಿ. ಸರೋಜಾದೇವಿ ಅಭಿನಯದ ಸಿನಿಮಾ ಬಂತು, 2007ರಲ್ಲಿ ದೆಹಲಿಯ ಸಂಸತ್ ಭವನದ ಆವರಣದಲ್ಲಿ ಪ್ರತಿಮೆ ನಿಂತಿತು. ಬೆಳಗಾವಿಯ ವಿಶ್ವವಿದ್ಯಾಲಯಕ್ಕೆ ಆಕೆಯದೇ ಹೆಸರು. ಬೆಂಗಳೂರಿನಿಂದ ಬೆಳಗಾವಿಯ ಮೇಲೆ ಹಾದು ಮಹಾರಾಷ್ಟ್ರಕ್ಕೆ ಬರುವ ರೈಲಿಗೂ ಅದೇ. ಗಮನಿಸಿ, ಎರಡರಲ್ಲೂ ಊರಿನ ಹೆಸರಿಲ್ಲ, ಬರೀ ‘ರಾಣಿ ಚೆನ್ನಮ್ಮ’. ಒಬ್ಬಳಿಗೆ ಹೆಸರು ಪೂರ್ತಿಯಾಗಿ ಸಂದುಬಿಟ್ಟಾಗ ಇನ್ನೊಬ್ಬಳು ಅದರೊಳಗೇ ಕರಗಿಹೋಗುತ್ತಾಳೆ.

ಆ ಇನ್ನೊಬ್ಬಳು ಕೆಳದಿಯ ಚೆನ್ನಮ್ಮಾಜಿ. ಈ ‘ಜಿ’ ಒಂದು ಒಳ್ಳೆಯ ಗುರುತು. ಕೆಳದಿಯ ಮತ್ತೊಬ್ಬ ರಾಣಿಯೂ ವೀರಮ್ಮಾಜಿ. ಚೆನ್ನಮ್ಮಾಜಿ ಅರಸುಮನೆಯಲ್ಲಿ ಹುಟ್ಟಿದವಳಲ್ಲ, ಕೋಟಿಪುರದ ಸಿದ್ದಪ್ಪ ಶೆಟ್ಟಿ ಎಂಬ ವರ್ತಕನ ಮಗಳು. ಗಂಡ ಸೋಮಶೇಖರ ನಾಯಕ ಮಕ್ಕಳಿಲ್ಲದೆ ಸತ್ತಾಗ ಬಿಜಾಪುರದ ಸೈನ್ಯ ರಾಜಧಾನಿ ಬಿದನೂರಿನ ಮೇಲೆ ಬಂತು. ಆಕೆ ಭಂಡಾರವನ್ನು ಭುವನಗಿರಿಯ ಕೋಟೆಗೆ ಸಾಗಿಸಿ ಅಲ್ಲಿಂದಲೇ ಅಧಿಕಾರ ಕೈಗೆತ್ತಿಕೊಂಡಳು. ಅಲ್ಲಿಂದ ಮುಂದೆ ಸುಮಾರು 25 ವರ್ಷ, 1690ರ ದಶಕ ಮುಗಿಯುತ್ತ ಬರುವವರೆಗೆ, ಮಲೆನಾಡು ಮತ್ತು ಕರಾವಳಿಯ ದೊಡ್ಡ ಭಾಗ ಆಕೆಯ ಆಳ್ವಿಕೆಯಲ್ಲಿತ್ತು.

ಪುಣೆಯಲ್ಲಿರುವ ನನಗೆ ಆಕೆಯ ಕಥೆಯ ಒಂದು ತುದಿ ಇಲ್ಲೇ ಸಿಗುತ್ತದೆ. 1689ರಲ್ಲಿ ಸಂಭಾಜಿ ಮಹಾರಾಜರನ್ನು ಔರಂಗಜೇಬ ಕೊಲ್ಲಿಸಿದ ಮೇಲೆ ತಮ್ಮ ರಾಜಾರಾಮ ರಾಯಗಡದಿಂದ ತಪ್ಪಿಸಿಕೊಂಡು, ಪನ್ಹಾಳಗಡದ ದಾರಿಯಾಗಿ, ವೇಷ ಮರೆಸಿಕೊಂಡು ದೂರದ ತಮಿಳು ನಾಡಿನ ಜಿಂಜಿಗೆ ಹೊರಟ. ಆ ಪ್ರಯಾಣದ ಕಥೆ ಇಲ್ಲಿನ ಸ್ನೇಹಿತೆಯರಿಗೆ ಚೆನ್ನಾಗಿ ಗೊತ್ತು. ನಡುದಾರಿಯಲ್ಲಿ ಕೈಹಿಡಿದವಳು ನಮ್ಮ ಕಡೆಯ ಒಬ್ಬ ರಾಣಿ ಎಂದರೆ ‘ಹೋ, ಕಿತ್ತೂರ್ ಚೆನ್ನಮ್ಮಾ?’ ಎಂದೇ ಕೇಳುತ್ತಾರೆ. ಆಶ್ರಯ ಕೊಟ್ಟದ್ದಕ್ಕಾಗಿ ಮೊಘಲರ ಸೈನ್ಯ ಕೆಳದಿಯ ಮೇಲೆ ಬಂತು. ಸಹ್ಯಾದ್ರಿಯ ಕಾಡು ಕಣಿವೆಗಳಲ್ಲಿ ಕಾದಾಟವಾಗಿ, ಕೊನೆಗೆ ಒಪ್ಪಂದದಲ್ಲಿ ಮುಗಿಯಿತು. ಅಷ್ಟು ಹೊತ್ತಿಗೆ ರಾಜಾರಾಮ ಜಿಂಜಿ ಸೇರಿಯಾಗಿತ್ತು.

ನನಗೆ ಈ ಯುದ್ಧಕ್ಕಿಂತ ಹೆಚ್ಚು ಹಿಡಿಸುವುದು ಆಕೆಯ ಉಳಿದ ಕೆಲಸ. ಮೈಸೂರಿನ ಚಿಕ್ಕದೇವರಾಜರೊಂದಿಗೆ ಕಾದಾಡಿದಳು, ಒಪ್ಪಂದವನ್ನೂ ಮಾಡಿಕೊಂಡಳು. ಪೋರ್ಚುಗೀಸರೊಂದಿಗೆ ಅಕ್ಕಿ, ಮೆಣಸಿನ ವ್ಯಾಪಾರದ ಕರಾರು ಮಾಡಿ, ಹೊನ್ನಾವರ, ಮಿರ್ಜಾನ, ಕಲ್ಯಾಣಪುರದಂಥ ಊರುಗಳಲ್ಲಿ ಇಗರ್ಜಿ ಕಟ್ಟಲು ಒಪ್ಪಿಗೆ ಕೊಟ್ಟಳು. ದತ್ತುಮಗ ಬಸಪ್ಪ ನಾಯಕನನ್ನು ಬೆಳೆಸಿದ ಬಗೆ ಹೇಗಿತ್ತೆಂದರೆ, ಅವನು ಮುಂದೆ ‘ಶಿವತತ್ತ್ವರತ್ನಾಕರ’ ಎಂಬ ಸಂಸ್ಕೃತ ವಿಶ್ವಕೋಶವನ್ನೇ ಬರೆದ. ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ದಲ್ಲಿ ಆಕೆಯ ಕಾಲದ ವಿವರಗಳಿವೆ. ಇಬ್ಬರನ್ನೂ ಬೆರೆಸಿಬಿಟ್ಟರೆ ಮೊದಲು ಮರೆಯಾಗುವುದು ಈ ವರ್ತಕನ ಮಗಳ 25 ವರ್ಷದ ರಾಜ್ಯಭಾರ. ಕುದುರೆ, ಕತ್ತಿ ಚಿತ್ರಕ್ಕೆ ಒದಗುತ್ತವೆ. ಕರಾರುಪತ್ರ ಓದಿ ಒಪ್ಪಿಗೆ ಹಾಕುವ ಹೆಂಗಸಿನ ಚಿತ್ರ ಬರೆಯುವವರು ಯಾರು?

ಇನ್ನೊಂದು ಗೊಂದಲ ಇದಕ್ಕೆ ತಿರುವುಮುರುವು. ಕೆಳದಿ, ಇಕ್ಕೇರಿ, ಬಿದನೂರು ಮೂರೂ ಒಂದೇ ಮನೆತನದ ರಾಜಧಾನಿಗಳು. ಹಳೆಯ ಪುಸ್ತಕಗಳಲ್ಲಿ ‘ಇಕ್ಕೇರಿಯ ಅರಸರು’ ಒಂದು ಕಡೆ, ‘ಬಿದನೂರಿನ ರಾಣಿ’ ಇನ್ನೊಂದು ಕಡೆ ಬಂದರೆ ಬೇರೆ ಬೇರೆ ಸಂಸ್ಥಾನಗಳೆಂದುಕೊಳ್ಳಬೇಡಿ. ಸಾಲದ್ದಕ್ಕೆ 1763ರಲ್ಲಿ ಹೈದರಾಲಿ ಗೆದ್ದ ಮೇಲೆ ಬಿದನೂರು ಹೈದರನಗರವಾಗಿ, ಈಗ ಬರೀ ‘ನಗರ’ ಎಂದು ಉಳಿದಿದೆ. ಹೋಗಬೇಕೆನ್ನುವವರು ಗೂಗಲ್ ನಕ್ಷೆಯಲ್ಲಿ ‘ಹೊಸನಗರ ತಾಲ್ಲೂಕು’ ಎಂದು ಸೇರಿಸಿಕೊಳ್ಳಿ, ಇಲ್ಲವಾದರೆ ದೇಶದ ನಗರಗಳೆಲ್ಲ ಎದುರು ಬಂದು ನಿಲ್ಲುತ್ತವೆ.

ಗಂಡಸರಿಗಾದರೆ ಚರಿತ್ರೆಕಾರರು ಸಂಖ್ಯೆ ಕೊಟ್ಟು ಅಚ್ಚುಕಟ್ಟು ಮಾಡಿದ್ದಾರೆ. ಒಂದನೇ ಸೋಮಶೇಖರ, ಎರಡನೇ ಸೋಮಶೇಖರ, ಒಂದನೇ ಬಸಪ್ಪ, ಎರಡನೇ ಬಸಪ್ಪ. ಹೆಂಗಸರಿಗೆ ಆ ಭಾಗ್ಯ ಅಷ್ಟು ಸುಲಭಕ್ಕೆ ಸಿಕ್ಕಿಲ್ಲ. ಅದು ನಿಜಕ್ಕೂ ಬೇಕಾಗಿದ್ದದ್ದು ಉಳ್ಳಾಲದ ಅಬ್ಬಕ್ಕನಿಗೆ. ಜನರ ಬಾಯಲ್ಲಿ ಅಬ್ಬಕ್ಕ ಒಬ್ಬಳೇ. 1550ರ ದಶಕದಿಂದ ಪೋರ್ಚುಗೀಸರೊಂದಿಗೆ ಕಾದಾಡುತ್ತಲೇ ಇದ್ದವಳು. 2012ರಲ್ಲಿ ಸೇವೆಗೆ ಸೇರಿದ ಕರಾವಳಿ ಕಾವಲು ಪಡೆಯ ಹಡಗಿಗೂ ಬರೀ ‘ರಾಣಿ ಅಬ್ಬಕ್ಕ’ ಎಂದೇ ಹೆಸರು.

ಆದರೆ 1623ರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ ಮಂಗಳೂರಿನ ಕಡೆ ಬಂದು ಉಳ್ಳಾಲದ ರಾಣಿ ಅಬ್ಬಕ್ಕದೇವಿಯನ್ನು ಕಣ್ಣಾರೆ ಕಂಡ. 1555ರಲ್ಲಿ ಆಕೆಗೆ 20 ವರ್ಷ ಎಂದುಕೊಂಡರೂ ಈಗ 88 ಆಗಿರಬೇಕು. ಅವನು ಕಂಡದ್ದು ಸುಮಾರು 40ರ ಹೆಂಗಸನ್ನು. ಆಕೆಗೆ ಬಹಳ ವಯಸ್ಸಾಗಿದೆಯೆಂದು ಪೋರ್ಚುಗೀಸರು ತನಗೆ ಹೇಳಿದ್ದರು ಎಂದೂ ಅವನೇ ಬರೆದಿದ್ದಾನೆ. ತಾಯಿ ಅಥವಾ ಅಜ್ಜಿಯ ಕಾಲದ ಅಬ್ಬಕ್ಕನ ನೆನಪನ್ನು ಅವರು ಈಕೆಗೆ ಅಂಟಿಸಿದ್ದಿರಬಹುದು ಎಂಬುದು ನನ್ನ ಊಹೆ. ಅಂದರೆ ಈ ಬೆರಕೆ ಇವತ್ತಿನ ವಾಟ್ಸ್ಆ್ಯಪ್ಪಿನದಲ್ಲ, ಅದಕ್ಕೆ 400 ವರ್ಷ ವಯಸ್ಸು. ಉಳ್ಳಾಲದ ಚೌಟ ಮನೆತನ ಅಳಿಯಸಂತಾನದ್ದು, ಹೆಣ್ಣಿನ ಕಡೆಯಿಂದ ಸಾಗುವ ವಂಶ. ಅಂಥ ಮನೆಯಲ್ಲಿ ಹಿರಿಯಳ ಹೆಸರು ಕಿರಿಯಳಿಗೆ ಬರುವುದು ಸಹಜವೇ. ವಿದ್ವಾಂಸರು ಇಬ್ಬರು, ಮೂವರು ಅಬ್ಬಕ್ಕಂದಿರನ್ನು ಗುರುತಿಸಲು ಹೊರಟದ್ದೂ ಇಂಥ ಲೆಕ್ಕದಿಂದಲೇ.

ದೆಲ್ಲಾ ವಾಲ್ಲೆ ಕಂಡ ಅಬ್ಬಕ್ಕ ಕುದುರೆಯ ಮೇಲಿರಲಿಲ್ಲ, ಕೈಯಲ್ಲಿ ಕತ್ತಿಯೂ ಇರಲಿಲ್ಲ. ಮನೇಲ್ ಎಂಬ ಊರಿನ ಬೀದಿಯಲ್ಲಿ, ತಾಳೆಗರಿಯ ಕೊಡೆಯ ಕೆಳಗೆ, ಬರಿಗಾಲಿನಲ್ಲಿ ಅಗೆತದ ಕೆಲಸ ನೋಡಲು ಹೊರಟಿದ್ದಳು. ಪರದೇಶಿಯನ್ನು ಕಂಡು ದಾರಿಯಲ್ಲೇ ನಿಂತು, ನೀನು ಯಾರು, ಯಾವ ಊರಿನಿಂದ ಬಂದೆ ಎಂದು ವಿಚಾರಿಸಿದಳು.