ವಾಹನ ಭಾಗಗಳ ಪೌಡರ್ ಕೋಟಿಂಗ್

ಪೌಡರ್ ಕೋಟಿಂಗ್ ಅಥವಾ ಪುಡಿಲೇಪನವು ಲೋಹದ ಮೇಲೆ ಒಣ ಬಣ್ಣದ ಪುಡಿಯನ್ನು ಹಿಡಿಸಿ, ಬಿಸಿಯಲ್ಲಿ ಕರಗಿಸಿ, ಗಟ್ಟಿ ಪದರವನ್ನಾಗಿಸುವ ವಿಧಾನ. ಇದಕ್ಕೆ ಥಿನ್ನರ್ ಬೇಕಿಲ್ಲ. ವಾಹನಗಳ ಸ್ಟ್ಯಾಂಡು, ಫುಟ್‌ರೆಸ್ಟು, ಕ್ಯಾರಿಯರ್, ಚೌಕಟ್ಟು ಮುಂತಾದವುಗಳನ್ನು ತುಕ್ಕಿನಿಂದ ರಕ್ಷಿಸಲು ಇದನ್ನು ಬಳಸುತ್ತಾರೆ. ಚಿಕ್ಕ ಭಾಗಗಳಿಗೆ ಮನೆಯಲ್ಲಿಯೂ ಲೇಪನ ಮಾಡಬಹುದಾದರೂ ಬೆಂಕಿ, ವಿದ್ಯುತ್ತು ಮತ್ತು ಧೂಳಿನ ಅಪಾಯಗಳಿವೆ.

ಇತಿಹಾಸ

1950ರ ದಶಕದ ಆರಂಭದಲ್ಲಿ ಜರ್ಮನಿಯ ಎರ್ವಿನ್ ಗೆಮ್ಮರ್ ಅವರು ಗಾಳಿಯಲ್ಲಿ ತೇಲಾಡುವ ಪುಡಿಯೊಳಗೆ ಕಾಯಿಸಿದ ಲೋಹವನ್ನು ಅದ್ದುವ ಕ್ರಮವನ್ನು ರೂಪಿಸಿದರು. 1960ರ ದಶಕದಲ್ಲಿ ಸ್ಥಿರವಿದ್ಯುತ್ತಿನ ನೆರವಿನಿಂದ ಪುಡಿ ಸಿಂಪಡಿಸುವ ಕ್ರಮ ಬಳಕೆಗೆ ಬಂದಿತು. ಇಂದು ಹೆಚ್ಚಾಗಿ ರೂಢಿಯಲ್ಲಿರುವುದು ಇದೇ.

ತತ್ತ್ವ

ಗನ್ನಿನಿಂದ ಹೊರಬರುವ ಪುಡಿಯ ಕಣಗಳು ವಿದ್ಯುದಾವೇಶವನ್ನು ಪಡೆದು, ಅರ್ಥಿಂಗ್ ಮಾಡಿದ ಲೋಹಕ್ಕೆ ಅಂಟಿಕೊಳ್ಳುತ್ತವೆ. ಬಳಿಕ ಸಾಮಾನ್ಯವಾಗಿ 180ರಿಂದ 200 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 10ರಿಂದ 20 ನಿಮಿಷ ಬೇಯಿಸಿದಾಗ ಪುಡಿ ಕರಗಿ ಹರಡಿ, ರಾಸಾಯನಿಕವಾಗಿ ಗಟ್ಟಿಯಾಗುತ್ತದೆ. ಸುಟ್ಟ ಇಟ್ಟಿಗೆ ಮರಳಿ ಜೇಡಿಮಣ್ಣಾಗದಂತೆ, ಈ ಪದರವೂ ಮತ್ತೆ ಕರಗುವುದಿಲ್ಲ. ಎಪಾಕ್ಸಿ ಪುಡಿ ಬಿಸಿಲಿಗೆ ಬಣ್ಣಗೆಟ್ಟು ಸುಣ್ಣದಂತೆ ಉದುರುತ್ತದೆ. ಹೊರಗೆ ಓಡಾಡುವ ವಾಹನಗಳಿಗೆ ಪಾಲಿಯೆಸ್ಟರ್ ಪುಡಿ ಸೂಕ್ತ.

ಹೊಸಪೇಟೆ ಪರಿಸರದಲ್ಲಿ

ಸಂಡೂರಿನ ಕಬ್ಬಿಣದ ಅದಿರಿನ ಕೆಂಪು ಧೂಳು, ಹಂಪಿಯ ಕಲ್ಲುನೆಲದ ಹಾದಿಗಳು, ಕಂಪ್ಲಿಯ ಭತ್ತದ ಗದ್ದೆಗಳ ಕೆಸರು ವಾಹನದ ಬಣ್ಣವನ್ನು ಬಗೆಬಗೆಯಾಗಿ ಸವೆಸುತ್ತವೆ. ಸಿಂಪಡಿಸಿದ ಪುಡಿ ಬೇಯುವ ಮೊದಲೇ ಧೂಳು ಕುಳಿತರೆ ಪದರದಲ್ಲಿ ಗಂಟುಗಳು ಉಳಿಯುತ್ತವೆ. ಬೇಸಿಗೆಯಲ್ಲಿ ಇಲ್ಲಿನ ಉಷ್ಣತೆ 40 ಡಿಗ್ರಿಯನ್ನು ಮುಟ್ಟುವುದರಿಂದ ಪುಡಿಯ ಡಬ್ಬಿಯನ್ನು ತಗಡಿನ ಶೆಡ್ಡಿನಲ್ಲಿಡದೆ ತಂಪಾದ, ಒಣಗಿದ ಜಾಗದಲ್ಲಿಡಬೇಕು. ಇಲ್ಲವಾದರೆ ಪುಡಿ ಹೆಪ್ಪುಗಟ್ಟುತ್ತದೆ.

ಒಲೆಯೊಳಗೆ ಹಿಡಿಸುವ ವಸ್ತುವಿಗೆ ಮಾತ್ರ ಈ ಲೇಪನ ಸಾಧ್ಯ. ಗದ್ದೆ ಕಲಸುವ ಟ್ರ್ಯಾಕ್ಟರಿನ ಕಬ್ಬಿಣದ ಚಕ್ರಗಳು ಮನೆಯ ಓವನ್ನಿಗೆ ಹಿಡಿಸುವುದಿಲ್ಲ. ಹೊಸಪೇಟೆಯ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಕಾರ್ಖಾನೆ ತಯಾರಿಸುತ್ತಿದ್ದ ಅಣೆಕಟ್ಟೆಯ ಗೇಟುಗಳಂತಹ ಬೃಹತ್ ರಚನೆಗಳಿಗೆ ದ್ರವರೂಪದ ಬಣ್ಣವೇ ಗತಿ.

ಮನೆಯಲ್ಲಿ ಮಾಡುವ ಕ್ರಮ

1. ರಬ್ಬರ್, ಪ್ಲಾಸ್ಟಿಕ್, ಬೇರಿಂಗ್, ಗ್ರೀಸುಗಳನ್ನು ಪೂರ್ತಿ ತೆಗೆಯುವುದು.
2. ಎಣ್ಣೆಯ ಜಿಡ್ಡನ್ನು ತೊಳೆದು, ಹಳೆಯ ಬಣ್ಣ ಮತ್ತು ತುಕ್ಕನ್ನು ಉಜ್ಜಿ ತೆಗೆಯುವುದು. ತುಕ್ಕಿನ ಮೇಲೆಯೇ ಲೇಪಿಸಿದರೆ ಅದು ಪದರದ ಅಡಿಯಲ್ಲಿ ಹರಡಿ ಹೊಪ್ಪಳೆ ಏಳುತ್ತದೆ. ಲೇಪನದ ಆಯುಸ್ಸು ಬಣ್ಣಕ್ಕಿಂತ ಹೆಚ್ಚಾಗಿ ಈ ಹಂತವನ್ನು ಅವಲಂಬಿಸಿದೆ.
3. ಎರಕದ ಭಾಗಗಳನ್ನು ಮೊದಲೊಮ್ಮೆ ಕಾಯಿಸಿ, ರಂಧ್ರಗಳಲ್ಲಿರುವ ಎಣ್ಣೆ ಮತ್ತು ಗಾಳಿಯನ್ನು ಹೊರಹಾಕುವುದು.
4. ಬೋಲ್ಟಿನ ಮರೆಗಳನ್ನು ಶಾಖ ತಡೆಯುವ ಟೇಪಿನಿಂದ ಮುಚ್ಚುವುದು.
5. ತಂತಿಯಲ್ಲಿ ತೂಗುಹಾಕಿ, ಅರ್ಥಿಂಗ್ ಜೋಡಿಸಿ, ತೆಳುವಾಗಿ ಸಮವಾಗಿ ಸಿಂಪಡಿಸುವುದು. ಪದರದ ದಪ್ಪ ಸಾಮಾನ್ಯವಾಗಿ 60ರಿಂದ 80 ಮೈಕ್ರಾನ್.
6. ವಿದ್ಯುತ್ ಓವನ್ನಿನಲ್ಲಿ ಬೇಯಿಸುವುದು. ಗಾಳಿಯಲ್ಲ, ಲೋಹವೇ ನಿಗದಿತ ಉಷ್ಣತೆಗೆ ಬಂದ ಮೇಲೆ ಸಮಯವನ್ನು ಎಣಿಸಬೇಕು.

ಸುರಕ್ಷತೆ

* ಒಮ್ಮೆ ಈ ಕೆಲಸಕ್ಕೆ ಬಳಸಿದ ಓವನ್ನಿನಲ್ಲಿ ಮುಂದೆಂದೂ ಆಹಾರವನ್ನು ಬೇಯಿಸಬಾರದು.
* ಗಾಳಿಯಲ್ಲಿ ಹರಡಿದ ಪುಡಿಗೆ ಕಿಡಿ ತಗಲಿದರೆ ಸ್ಫೋಟವಾಗಬಹುದು. ಹತ್ತಿರದಲ್ಲಿ ಗ್ಯಾಸ್ ಒಲೆ, ದೀಪ, ಬೀಡಿ ಇರಕೂಡದು.
* ಗನ್ನು ಹೆಚ್ಚಿನ ವೋಲ್ಟೇಜಿನದು. ಮನೆಯ ಅರ್ಥಿಂಗ್ ಸರಿಯಿದೆಯೆಂದು ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷಿಸಿಕೊಳ್ಳಬೇಕು.
* ಧೂಳುಕಣಗಳನ್ನು ತಡೆಯುವ ಮಾಸ್ಕ್ ಧರಿಸಬೇಕು. ಕೆಲವು ಪಾಲಿಯೆಸ್ಟರ್ ಪುಡಿಗಳಲ್ಲಿರುವ ಟಿಜಿಐಸಿ ಎಂಬ ರಾಸಾಯನಿಕ ವಿಷಕಾರಿ. ತುಕ್ಕು ತೆಗೆಯಲು ನದಿಯ ಮರಳನ್ನು ಚಿಮ್ಮಿಸಿದರೆ ಅದರ ಧೂಳಿನಿಂದ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರಬಹುದು.
* ಎಣ್ಣೆ ಅಥವಾ ಅನಿಲ ತುಂಬಿದ ಶಾಕ್ ಅಬ್ಸಾರ್ಬರ್ ಓವನ್ನಿನಲ್ಲಿ ಸಿಡಿಯುತ್ತದೆ.
* ಅಲಾಯ್ ಚಕ್ರಗಳ ಬಲವು ಅವುಗಳ ತಯಾರಿಕೆಯ ಶಾಖೋಪಚಾರವನ್ನು ಅವಲಂಬಿಸಿರುತ್ತದೆ. ಅತಿಯಾಗಿ ಕಾಯಿಸಿದರೆ ಬಲ ಕುಂದುತ್ತದೆ. ದಪ್ಪ ಲೇಪನವು ಬಿರುಕನ್ನೂ ಮರೆಮಾಡುತ್ತದೆ. ಆದ್ದರಿಂದ ಚಕ್ರ, ಬ್ರೇಕು, ಸ್ಟೀರಿಂಗ್ ಭಾಗಗಳನ್ನು ಮನೆಯಲ್ಲಿ ಲೇಪಿಸದೆ ಪರಿಣತರಿಗೆ ಒಪ್ಪಿಸುವುದು ಸರಿ.