ಕಲ್ಯಾಣದ ಪಂಕ್ತಿ, ಹುಮನಾಬಾದಿನ ಢಾಬಾ

ಊರ ಚರಿತ್ರೆಯನ್ನು ಬರೆಯುವವರು ಕೋಟೆ, ಕೆರೆ, ಶಾಸನ, ದೇವಾಲಯಗಳನ್ನು ಕ್ರಮವಾಗಿ ವರ್ಣಿಸಿ, ಆ ಊರಿನ ಜನರು ಹೊತ್ತು ಮುಳುಗಿದ ಮೇಲೆ ಎಲ್ಲಿ ಕೂಡುವರು, ಏನನ್ನು ಉಣ್ಣುವರು, ಯಾರೊಡನೆ ಸುಖದುಃಖಗಳನ್ನು ಹಂಚಿಕೊಳ್ಳುವರು ಎಂಬುದನ್ನು ಕೈಬಿಡುವುದು ವಾಡಿಕೆಯಾಗಿದೆ. ಬೇರೆ ಊರುಗಳಲ್ಲಿ ಈ ಲೋಪವನ್ನು ಕ್ಷಮಿಸಬಹುದಾದರೂ ಬಸವಕಲ್ಯಾಣದಲ್ಲಿ ಕ್ಷಮಿಸಲಾಗದು. ಏಕೆಂದರೆ ಅನ್ನಪಾನಗಳನ್ನು ಶಾಸ್ತ್ರಕ್ಕೆ ಅರ್ಹವಾದ ವಿಷಯವೆಂದು ಗಣಿಸಿ ಗ್ರಂಥಸ್ಥಗೊಳಿಸಿದ ದೊರೆ ಈ ನೆಲದವನು.

ಚಾಲುಕ್ಯ ಮೂರನೆಯ ಸೋಮೇಶ್ವರನು ಇಲ್ಲಿಂದ ರಾಜ್ಯವಾಳುತ್ತ 1129ರ ಸುಮಾರಿನಲ್ಲಿ ರಚಿಸಿದ 'ಮಾನಸೋಲ್ಲಾಸ'ದ ನೂರು ಅಧ್ಯಾಯಗಳಲ್ಲಿ ಅನ್ನಭೋಗಕ್ಕೆ ಒಂದು, ಪಾನೀಯಭೋಗಕ್ಕೆ ಒಂದು, ಮದಿರಾಪಾನದ ಕ್ರೀಡೆಗೂ ಒಂದು ಅಧ್ಯಾಯವು ಮೀಸಲಾಗಿದೆ. ಅಕ್ಕಿಯ ಸೋಂಕಿಲ್ಲದೆ ಬರಿಯ ಉದ್ದಿನ ಹಿಟ್ಟಿನಿಂದ ಸಿದ್ಧಪಡಿಸಿ, ಮೆಣಸು, ಜೀರಿಗೆ, ಇಂಗುಗಳಿಂದ ಸಂಸ್ಕರಿಸುತ್ತಿದ್ದ ಇಡರಿಕೆಯನ್ನೂ, ದೋಸಕವನ್ನೂ, ವಟಿಕೆಯನ್ನೂ ಆ ಅರಸನು ವಿವರಿಸಿರುವ ಪರಿಯನ್ನು ಬಲ್ಲವನಿಗೆ, ಇಂದು ಬಸ್ ನಿಲ್ದಾಣದ ಆಸುಪಾಸಿನ ಹೋಟೆಲಿನಲ್ಲಿ ಮುಂಜಾನೆ ತಟ್ಟೆಗೆ ಬಂದು ಬೀಳುವ ಇಡ್ಲಿ, ದೋಸೆ, ವಡೆಗಳು ಎಂಟುನೂರು ವರ್ಷಗಳನ್ನು ಮೀರಿದ ಪರಿಚಿತರಂತೆ ತೋರುವುವು.

ಆದರೆ ಅರಸನ ಪಂಕ್ತಿಗಿಂತ ಹಿರಿದಾದ ಪಂಕ್ತಿಯೊಂದು ಅದೇ ಶತಮಾನದಲ್ಲಿ ಈ ಊರಿನಲ್ಲೇ ನಡೆಯಿತು. ಬಸವಣ್ಣನವರ ಮಹಾಮನೆಯ ದಾಸೋಹದಲ್ಲಿ ಕುಲವನ್ನು ಕೇಳದೆ ಎಡೆಮಾಡುತ್ತಿದ್ದರು. ಅದರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮರಿಗೆ ಉಣಬಡಿಸುತ್ತಿದ್ದ ಆಯ್ದಕ್ಕಿ ಮಾರಯ್ಯನು ಒಂದು ದಿನ ಹೆಚ್ಚು ಅಕ್ಕಿಯನ್ನು ತಂದಾಗ, ಮಡದಿ ಲಕ್ಕಮ್ಮನು ಅದು ನಮಗೇಕೆಂದು ಹಿಂದಕ್ಕೆ ಕಳುಹಿದಳೆಂಬುದು ಪ್ರಸಿದ್ಧವಾದ ಕಥೆ. ಶರಣರ ಗಣದಲ್ಲಿ ಹೆಂಡ ಮಾರುವ ಕಾಯಕದ ಹೆಂಡದ ಮಾರಯ್ಯನೂ ಇದ್ದನು; ತನ್ನ ವೃತ್ತಿಯ ಪರಿಭಾಷೆಯಲ್ಲಿಯೇ ವಚನಗಳನ್ನು ನುಡಿದ ಆತನನ್ನು ಯಾರೂ ಪಂಕ್ತಿಯಿಂದ ಎಬ್ಬಿಸಲಿಲ್ಲ. ಕಲ್ಯಾಣದ ಚರಿತ್ರೆಯಲ್ಲಿ ನನಗೆ ಇದಕ್ಕಿಂತ ಹೆಮ್ಮೆಯ ಸಂಗತಿ ಮತ್ತೊಂದಿಲ್ಲ.

ನಮ್ಮ ಮಿತ್ರಮಂಡಲಿಯಲ್ಲಿ ಒಬ್ಬರು ಶಾಲಾಮಾಸ್ತರರು, ಒಬ್ಬರು ವಕೀಲರು, ಒಬ್ಬರು ಲಾರಿಯ ಮಾಲೀಕರು, ಮತ್ತೊಬ್ಬರು ತೊಗರಿ ಬೆಳೆಯುವ ರೈತರು. ಇವರೆಲ್ಲರೂ ಒಮ್ಮತದಿಂದ ಮೆಚ್ಚುವ ಸ್ಥಳವೆಂದರೆ ಖಾನಾವಳಿ. ತಟ್ಟುವ ಸದ್ದು ಒಳಗಿನಿಂದ ಕೇಳುತ್ತಿರುವಂತೆಯೇ ಬಿಸಿಬಿಸಿಯಾಗಿ ಬರುವ ಜೋಳದ ರೊಟ್ಟಿ, ಹುಳಿ ಮುಂದಾದ ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾದ ಹಿಂಡಿ, ಹಸಿ ಉಳ್ಳಾಗಡ್ಡಿ, ಒಂದು ಬಟ್ಟಲು ಮೊಸರು: ಇಷ್ಟೇ ಅಲ್ಲಿಯ ವೈಭವ. "ಇನ್ನೊಂದು ರೊಟ್ಟಿ ಹಾಕಲೇನ್ರೀ?" ಎಂದು ಕೇಳುವಾಗ ಬಡಿಸುವಾತನ ಕೈಯಲ್ಲಿ ರೊಟ್ಟಿ ಆಗಲೇ ಇರುತ್ತದೆ. ಎಳ್ಳ ಅಮಾವಾಸ್ಯೆಯಂದು ಮಾತ್ರ ನಮಗೆ ಖಾನಾವಳಿಯ ಹಂಗಿಲ್ಲ. ಅಂದು ರೈತಮಿತ್ರರ ಹೊಲದಲ್ಲಿಯೇ ಭಜ್ಜಿ, ಸಜ್ಜೆಯ ರೊಟ್ಟಿ, ಅಂಬಲಿಗಳ ಊಟ.

ಪೇಟೆಯ ಇನ್ನೊಂದು ರುಚಿ ನವಾಬರ ಕಾಲದ್ದು. ನಿಜಾಮರ ಆಡಳಿತದಲ್ಲಿ ಕಲ್ಯಾಣವು ನವಾಬರ ಜಹಗೀರಾಗಿತ್ತು. ಹೈದರಾಬಾದಿನಲ್ಲಿದ್ದ ಅವರ ದೇವಡಿಗೆ ಬೀದರ ಸೀಮೆಯಿಂದ ಹೋದ ಪ್ರಜೆಗಳಿಗೆ ಉಣಬಡಿಸುತ್ತಿದ್ದ ಎಮ್ಮೆಯ ಮಾಂಸದ ಅನ್ನವೇ ಮುಂದೆ ಕಲ್ಯಾಣಿ ಬಿರಿಯಾನಿಯೆಂದು ಆ ಮಹಾನಗರದ ಬಡವರ ಪ್ರೀತಿಯ ಭಕ್ಷ್ಯವಾಯಿತೆಂದು ಪ್ರತೀತಿ. 1956ರಲ್ಲಿ ಬೀದರ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತಾದರೂ, ಚಹಾದ ಅಂಗಡಿಯ ಬೆಂಚುಗಳ ಮೇಲೆ ಕನ್ನಡ, ಉರ್ದು, ಮರಾಠಿಗಳು ಇಂದಿಗೂ ಕೂಡಿಯೇ ಕುಳಿತಿವೆ.

ಇಲ್ಲಿಂದ ಪೂರ್ವಕ್ಕೆ, ಸೊಲ್ಲಾಪುರ-ಹೈದರಾಬಾದ ಹೆದ್ದಾರಿಯ ಮೇಲಿರುವ ಹುಮನಾಬಾದು ದಾರಿಹೋಕರ ಊರು. ಅಲ್ಲಿಯ ಢಾಬಾಗಳಲ್ಲಿ ಲಾರಿಯ ಚಾಲಕರೊಡನೆ ಹಗ್ಗದ ಮಂಚದ ಮೇಲೆ ಕುಳಿತು ದಾಲ್, ರೋಟಿಗಳನ್ನು ಉಣ್ಣುವುದು ನಮ್ಮ ಲಾರಿಮಾಲೀಕರ ಪರಮಸುಖ. ಬಾರುಗಳೂ ಇವೆ. 2007ರಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧವಾದ ಮೇಲೆ ಕೂಲಿಯವನೂ ಅವುಗಳ ಬಾಗಿಲಿಗೇ ಬರಬೇಕಾಯಿತು. ಅವನ ದಿನದ ದುಡಿಮೆ ಅಲ್ಲಿಯೇ ಕರಗುವುದನ್ನು ಕಂಡು ನಮಗೆ ಸಂಕಟವಾಗುತ್ತದೆ. ಗೆಳೆಯರಲ್ಲಿ ಕುಡಿಯುವವರು ಮಿತವಾಗಿ ಕುಡಿಯುವರು, ಕುಡಿಯದವರು ಸೋಡಾ ಹಿಡಿದು ಜತೆಗೆ ಕೂಡುವರು. ಜನವರಿಯ ವೀರಭದ್ರೇಶ್ವರ ಜಾತ್ರೆಯಲ್ಲಿ ಮಿರ್ಚಿ ಭಜಿಯ ಅಂಗಡಿಗಳೇ ನಮ್ಮ ಸಭಾಮಂಟಪ. ಊರಿಗೆ ಹೊಂದಿಕೊಂಡಿರುವ ಮಾಣಿಕನಗರದಲ್ಲಿ, 1865ರಲ್ಲಿ ಸಮಾಧಿಸ್ಥರಾದ ಮಾಣಿಕಪ್ರಭುಗಳ ಸನ್ನಿಧಿಯಲ್ಲಿ, ಮತಭೇದವಿಲ್ಲದ ಪ್ರಸಾದದ ಪಂಕ್ತಿ ಇಂದಿಗೂ ನಡೆದಿದೆ. ಸಕಲಮತವನ್ನು ಸಾರಿದ ಆ ಪ್ರಭುಗಳು ಬಾಲ್ಯವನ್ನು ಕಳೆದುದು ಕಲ್ಯಾಣದಲ್ಲಿಯೇ.

ಹೆದ್ದಾರಿಯಲ್ಲಿ ಧಾವಿಸುವ ಪ್ರಯಾಣಿಕರು ಸಸ್ತಾಪುರ ಬಂಗ್ಲಾದ ಬಳಿ ವಾಹನವನ್ನು ತಿರುಗಿಸಿ, ಅನುಭವ ಮಂಟಪವನ್ನೂ ಕೋಟೆಯನ್ನೂ ನೋಡಿದ ಬಳಿಕ, ಯಾವುದಾದರೊಂದು ಖಾನಾವಳಿಯಲ್ಲಿ ಕುಳಿತು ಉಂಡು ಹೋಗಬೇಕು. ಈ ಊರುಗಳ ಮಾಸ್ತರರೂ ವಿದ್ಯಾರ್ಥಿಗಳೂ ಹಳೆಯ ಖಾನಾವಳಿಗಳ ಒಡೆಯರನ್ನು, ರೊಟ್ಟಿ ತಟ್ಟುವ ತಾಯಂದಿರನ್ನು ಕಂಡು ಅವರ ವೃತ್ತಾಂತಗಳನ್ನು ಬರೆದಿಡಲಿ. ಅವರು ಇರುವಾಗಲೇ ಈ ಕೆಲಸವಾಗಬೇಕು.