ಬಿಳಗಿ ಸೀಮೆಯ ಸೋರುವ ಮಾಡು

ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ಪೇಟೆಯ ಪಶ್ಚಿಮಕ್ಕಿರುವ ಬಿಳಗಿಯಲ್ಲಿ ಅರಸರ ಕಾಲದ್ದೆಂದು ಇಂದು ಎದ್ದು ಕಾಣುವುದು ಕಲ್ಲಿನ ಬಸದಿ ಮತ್ತು ಗುಡಿಗಳು. ಸೋದೆ, ಕೆಳದಿಯಂಥ ನೆರೆಯವರ ನಡುವೆ ಈ ಪುಟ್ಟ ಸೀಮೆಯನ್ನು ಆಳಿಕೊಂಡು ಬಂದವರ ಬಗ್ಗೆ ಶಾಸನಗಳಿವೆ, ಬರವಣಿಗೆಯೂ ಇದೆ. ಅವರ ಪ್ರಜೆಗಳು ಬದುಕಿದ ಮನೆಗಳ ಮಾಡಿನ ಬಗ್ಗೆ ಯಾರೂ ಬರೆಯಲಿಲ್ಲ. ಆ ಮಾಡು ಉಳಿಯುವಂಥದ್ದೂ ಆಗಿರಲಿಲ್ಲ, ಮಳೆಗಾಲ ಕಳೆದು ಕೊಳೆತ ಮೇಲೆ ಗೊಬ್ಬರದ ಗುಂಡಿ ಸೇರುತ್ತಿತ್ತು. ಆದರೂ ವರ್ಷಕ್ಕೆ ಎರಡೂವರೆ ಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದುಬಿಡುವ ಈ ಊರುಗಳಲ್ಲಿ ಜನಜೀವನದ ಚರಿತ್ರೆ ಬರೆಯಬೇಕಾದರೆ ಮಾಡಿನಿಂದಲೇ ಶುರುಮಾಡಬೇಕು. ಹಿಂದಿನ ಮಾಡು ಸೋರುತ್ತಿರಲಿಲ್ಲ ಎನ್ನುವುದು ಸುಳ್ಳು. ಈಗಿನದಕ್ಕಿಂತ ಹೆಚ್ಚೇ ಸೋರುತ್ತಿತ್ತು. ಆದರೆ ಸೋರಿದ್ದು ಅಂದೇ ಗೊತ್ತಾಗುತ್ತಿತ್ತು, ಎಲ್ಲಿ ಸೋರುತ್ತಿದೆ ಎಂಬುದು ಕೆಳಗೆ ನಿಂತವನಿಗೂ ತಿಳಿಯುತ್ತಿತ್ತು, ಅದನ್ನು ಸರಿಮಾಡುವ ಕೈ ಮನೆಯಲ್ಲೋ ಕೇರಿಯಲ್ಲೋ ಇರುತ್ತಿತ್ತು. ಮಾಡು ಗಟ್ಟಿಯಾಗುತ್ತ ಬಂದಂತೆ ಈ ಅರಿವೂ ಆ ಕೈಯೂ ದೂರವಾದವು. ಮಾಡಿನ ಯೋಗ್ಯತೆಯನ್ನು ಅದು ಎಷ್ಟು ವರ್ಷ ಬಾಳಿತು ಎಂಬುದರಿಂದ ಮಾತ್ರ ಅಳೆಯುವುದು ಸಾಲದು, ಕೆಟ್ಟಾಗ ಎಷ್ಟು ಬೇಗ ತಿಳಿಸಿತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬುದು ಈ ಬರಹದ ವಾದ.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತೋಟದ ಕಣಿವೆಗಳಲ್ಲಿ ಬಹುಕಾಲ ಮನೆ ಕಾಯ್ದದ್ದು ಅಡಿಕೆಯ ಸೋಗೆ. ಒಂದು ಅಡಿಕೆ ಮರ ವರ್ಷಕ್ಕೆ ಆರೇಳು ಸೋಗೆ ಉದುರಿಸುತ್ತದೆ. ಹಾಳೆ ಬೇರೆ ಉಪಯೋಗಕ್ಕೆ ಹೋದರೆ ಗರಿಯ ಭಾಗ ಒಣಗಿ ಹೊದಿಕೆಗೆ ಸಿದ್ಧ. ತೋಟವಿಲ್ಲದವರಿಗೆ ಬೇಣದ ಕರಡ, ಗದ್ದೆಯ ಹುಲ್ಲು. ಸೀಳಿದ ಅಡಿಕೆ ದಬ್ಬೆಯನ್ನು ಅಡ್ಡಕ್ಕೆ ಕಟ್ಟಿ, ಸೂರಿನಿಂದ ನೆತ್ತಿಯವರೆಗೆ ಒಂದರ ಮೇಲೊಂದು ಸಾಲು ಹೊದಿಸುತ್ತ ಹೋಗಬೇಕು. ಇಳಿಜಾರು ಕಡಿದಾಗಿದ್ದಷ್ಟೂ ನೀರು ಬೇಗ ಜಾರುತ್ತದೆ. ಗರಿಯೊಳಗೆ ಇಂಗಲು ಅದಕ್ಕೆ ಪುರಸೊತ್ತು ಕೊಡಬಾರದು ಎಂಬುದೇ ಸೋಗೆ ಮಾಡಿನ ಇಡೀ ತಂತ್ರ. ಒಳಗಿನಿಂದ ಒಲೆಯ ಹೊಗೆ ಏರಿ ಗರಿಗಳ ನಡುವೆ ಹಾಯುತ್ತಿತ್ತು. ಹೊದಿಕೆಯನ್ನು ಒಣಗಿಸಿ ಹುಳ ಹತ್ತದಂತೆ ನೋಡಿಕೊಳ್ಳುತ್ತಿದ್ದುದು ಅದೇ. ಮಳೆಯಿಂದ ಕಾಪಾಡಬೇಕಾದದ್ದು ಮನೆಯನ್ನು ಮಾತ್ರವಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರಿನಲ್ಲಿ ಕೃಷಿ ವಿಜ್ಞಾನಿ ಕೋಲ್‌ಮನ್ ಅಡಿಕೆಯ ಕೊಳೆರೋಗದ ಮೇಲೆ ಕೆಲಸ ಮಾಡಿ ಬೋರ್ಡೋ ದ್ರಾವಣದ ಸಿಂಪರಣೆ ಬಳಕೆಗೆ ಬರುವ ಮೊದಲು, ಅಡಿಕೆಯ ಗೊನೆಗೊನೆಗೂ ಕೊಟ್ಟೆ ಕಟ್ಟಿ ಮಳೆ ತಾಗದಂತೆ ಮುಚ್ಚುತ್ತಿದ್ದರು. ಮರದ ತುದಿಯ ಗೊನೆಗೂ ಮಾಡು ಬೇಕಾದ ನಾಡು ಇದು.

ಸೋಗೆ ಮಾಡಿನ ಮುಖ್ಯ ಗುಣವೆಂದರೆ ಅದು ಕೆಡುತ್ತದೆ ಎಂಬುದು ಎಲ್ಲರಿಗೂ ಮೊದಲೇ ತಿಳಿದಿತ್ತು. ಶಿವರಾತ್ರಿ ಕಳೆದು ರೋಹಿಣಿ ಮಳೆ ಹಣಕುವುದರೊಳಗೆ ಹಳೆಯದನ್ನು ಇಳಿಸಿ ಹೊಸದನ್ನು ಹೊದಿಸಬೇಕು. ಒಂದು ಮನೆಯವರಿಂದ ಆಗುವ ಕೆಲಸ ಇದಲ್ಲವಾದ್ದರಿಂದ ಮುಯ್ಯಾಳಿನ ಕ್ರಮದಲ್ಲಿ ಇವತ್ತು ನಿಮ್ಮಲ್ಲಿ, ನಾಳೆ ನಮ್ಮಲ್ಲಿ ಎಂದು ಸಾಗುತ್ತಿತ್ತು. ಜಗಲಿಗೆ ಇರಚಲು ಹೊಡೆಯದಂತೆ ಸೋಗೆಯ ತಟ್ಟಿ ಕಟ್ಟುವುದೂ ಇದರ ಜೊತೆಗೇ. ಆರಿದ್ರೆ, ಪುನರ್ವಸುವಿನ ಜಡಿಮಳೆಯಲ್ಲಿ ಎಲ್ಲೋ ಒಂದು ಕಡೆ ಹನಿ ಬಿದ್ದರೆ ನೆಲದ ಮೇಲೆ ಕಂದು ಚುಕ್ಕೆ ಮೂಡುತ್ತಿತ್ತು. ಅದರ ಕೆಳಗೆ ಪಾತ್ರೆ ಇಟ್ಟು, ಮಳೆ ಕೊಂಚ ಬಿಟ್ಟಾಗ ಒಂದು ಹಿಡಿ ಸೋಗೆಯನ್ನು ಆ ಸಂದಿಗೆ ಸಿಕ್ಕಿಸಿದರೆ ಅಲ್ಲಿಗೆ ಸರಿ. ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ, ಏಳಲೇಬೇಕು. ಈ ಹೊದಿಕೆಯನ್ನು ಮಾಡಿದವರು ಯಾರು? ಒಡೆಯನ ಮನೆಯ ಕೆಲಸ ಮುಗಿದ ಮೇಲೆ ಆಳಿನ ಗುಡಿಸಲಿನ ಸರದಿ ಎಂಬ ಕ್ರಮವಿದ್ದಲ್ಲಿ ಮೊದಲ ಮಳೆಗೆ ನೆನೆದವರು ಆಳುಗಳೇ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ, ಅಂದರೆ ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಕಾಡಿನ, ಸವಲತ್ತು ಇದ್ದದ್ದು ತೋಟವಿದ್ದವರಿಗೆ. ಇಲ್ಲದವರಿಗೆ ಅರಣ್ಯದ ಕಾಯಿದೆಗಳು ಬಿಗಿಯಾಗುತ್ತ ಹೋದಂತೆ ಗಳ, ಬಳ್ಳಿ, ಹುಲ್ಲು ತರುವುದೂ ಅಳುಕಿನ ಕೆಲಸವಾಯಿತು. ಬೇಸಗೆಯಲ್ಲಿ ಒಂದು ಕಿಡಿ ಹಾರಿದರೆ ಸೋಗೆ ಮನೆ ಉಳಿಯುತ್ತಿರಲಿಲ್ಲ. ಆದ್ದರಿಂದ ಸೋಗೆಯ ಕಾಲ ಮರಳಲಿ ಎಂದು ಹೇಳುವುದು ಅನ್ಯಾಯ. ಆ ಕಾಲದಿಂದ ಉಳಿಸಿಕೊಳ್ಳಬೇಕಾದದ್ದು ಸೋಗೆಯನ್ನಲ್ಲ, ಮಳೆಗೆ ಮೊದಲು ಮಾಡನ್ನು ನೋಡಲೇಬೇಕು ಎಂಬ ಶಿಸ್ತನ್ನು.

ಹಣವೂ ಕಲ್ಲುಕುಟಿಗರೂ ಇದ್ದ ಕಡೆಯಲ್ಲೂ ಇದೇ ತಿಳಿವಳಿಕೆ ಕೆಲಸ ಮಾಡಿದೆ. ಇದೇ ಜಿಲ್ಲೆಯ ಭಟ್ಕಳದಲ್ಲಿ ಹದಿನಾರನೆಯ ಶತಮಾನದ ಖೇತಪೈ ನಾರಾಯಣ ದೇವಸ್ಥಾನವನ್ನೂ ಬಸದಿಗಳನ್ನೂ ನೋಡಿದರೆ, ಮಾಡಿನ ಚಪ್ಪಡಿಗಳನ್ನು ಹುಲ್ಲುಮನೆಯ ಇಳಿಜಾರಿನಂತೆಯೇ ಕೆಳಕ್ಕೆ ಓರೆಯಾಗಿ ಇಳಿಬಿಟ್ಟಿರುವುದು ಕಾಣುತ್ತದೆ. ಮೇಲಿನ ಚಪ್ಪಡಿಯ ಅಂಚು ಕೆಳಗಿನದರ ಮೇಲೆ ಚಾಚಿರುತ್ತದೆ. ಅಕ್ಕಪಕ್ಕದ ಎರಡು ಚಪ್ಪಡಿ ಕೂಡುವ ಸಂದಿನ ಮೇಲೆ ಉದ್ದನೆಯ ಕಲ್ಲಿನ ಪಟ್ಟಿಯೊಂದನ್ನು ಕೂರಿಸಿರುತ್ತಾರೆ. ಕಲ್ಲು ಸೋರದು, ಸಂದು ಸೋರುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಬಯಲುಸೀಮೆಯ ದೇವಾಲಯಗಳ ಚಪ್ಪಟೆ ಮಾಳಿಗೆಯನ್ನು ಈ ಮಳೆಗೆ ಒಡ್ಡದೆ, ಸ್ಥಳೀಯ ಬಡವನ ಮನೆಯ ಆಕಾರವನ್ನೇ ದೇವರಿಗೂ ಕೊಟ್ಟ ಆ ಕುಶಲಕರ್ಮಿಗಳ ನಿರ್ಧಾರ ಕರಾವಳಿ-ಮಲೆನಾಡಿನ ವಾಸ್ತುವಿನಲ್ಲೇ ಬಹಳ ದೊಡ್ಡದು ಎಂದು ತೋರುತ್ತದೆ.

ಸೋಗೆಗೂ ಕಲ್ಲಿಗೂ ನಡುವೆ ನಾಡಹಂಚು ಇತ್ತು. ಕುಂಬಾರರು ಮಾಡಿದ ಅರ್ಧ ಬಾಗಿದ ಹಂಚು. ಒಂದನ್ನು ಅಂಗಾತ, ಇನ್ನೊಂದನ್ನು ಬೋರಲು ಇಟ್ಟು ಹೊದಿಸುವುದು. ಬೆಂಕಿಯ ಭಯ ಕಡಿಮೆ, ಆದರೆ ಹಂಚಿಗೆ ಹಂಚು ಕಚ್ಚಿಕೊಳ್ಳುತ್ತಿರಲಿಲ್ಲವಾದ್ದರಿಂದ ಬೆಕ್ಕು ಓಡಿದರೂ ಜಾರುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ದೋಷಕ್ಕೆ ಉತ್ತರ ಬಂದದ್ದು ಮಂಗಳೂರಿನಿಂದ. ಒಂದಕ್ಕೊಂದು ಕೊಂಡಿಯಂತೆ ಕೂರುವ ಹಂಚನ್ನು ಫ್ರಾನ್ಸಿನ ಆಲ್ಸೇಸ್ ಪ್ರಾಂತದ ಜಿಲಾರ್ಡೋನಿ ಸೋದರರು 1841ರಲ್ಲಿ ರೂಪಿಸಿದ್ದರು. ಅವರ ಊರಿಗೆ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರ ಹತ್ತಿರ. ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ 1865ರಲ್ಲಿ ನೇತ್ರಾವತಿಯ ಜೇಡಿಮಣ್ಣು ಬಳಸಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದರು. ಈ ಹಂಚು ಬಿಳಗಿ ಸೀಮೆಗೆ ಬರಬೇಕಾದರೆ ಕರಾವಳಿಯ ಬಂದರಿಗೆ ಬಂದು, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಘಟ್ಟ ಹತ್ತಬೇಕಿತ್ತು. ಹಾಗಾಗಿ ಮೊದಲಿಗೆ ಅದು ಉಳ್ಳವರ ಮನೆಗಷ್ಟೇ ಏರಿತು. ನೂರು ಚದರ ಅಡಿಗೆ ಸುಮಾರು 150 ಹಂಚು, ಒಂದೊಂದೂ ಎರಡೂವರೆ ಕಿಲೋದ ಆಸುಪಾಸು, ಅಂದರೆ ಮುನ್ನೂರೈವತ್ತು ಕಿಲೋಗೂ ಹೆಚ್ಚು ಭಾರ. ಸೋಗೆ ಹೊತ್ತ ಗಳಗಳು ಇದನ್ನು ಹೊರಲಾರವು. ತೊಲೆ, ಪಕಾಸು, ರೀಪು ಎಂದು ಅಳತೆಗೆ ಕೊಯ್ದ ಮರ ಬೇಕು, ಬಡಗಿ ಬೇಕು. ಹಳೆಯ ಹಂಚಿನ ಒಳಮೈಯಲ್ಲಿ ಒತ್ತಿರುವ 1865 ಎಂಬ ಅಂಕೆ ನೋಡಿ ಮನೆಯೇ ಅಷ್ಟು ಹಳೆಯದೆಂದು ಹೆಮ್ಮೆಪಡುವವರಿದ್ದಾರೆ. ಅದು ಕಾರ್ಖಾನೆ ಶುರುವಾದ ವರ್ಷ. ಮನೆಯ ವಯಸ್ಸಿಗೆ ಬೇರೆ ಸಾಕ್ಷಿ ಹುಡುಕಬೇಕು.

ಸೋರಿಕೆಯನ್ನು ಪತ್ತೆಹಚ್ಚುವ ದೃಷ್ಟಿಯಿಂದ ನೋಡಿದರೆ ಮಂಗಳೂರು ಹಂಚಿನಷ್ಟು ಪ್ರಾಮಾಣಿಕವಾದ ಮಾಡು ಈ ನಾಡಿಗೆ ಮತ್ತೆ ಸಿಕ್ಕಿಲ್ಲ. ಹಗಲು ಅಟ್ಟ ಹತ್ತಿ ಕಿಟಕಿ ಮುಚ್ಚಿ ಮೇಲೆ ನೋಡಿದರೆ ಒಡೆದ ಹಂಚು ಬೆಳಕಿನ ಗೆರೆಯಾಗಿ ತಾನೇ ತೋರಿಸಿಕೊಳ್ಳುತ್ತದೆ. ಹನಿ ಬಿದ್ದ ಜಾಗದ ನೇರ ಮೇಲೆಯೇ ತೂತು ಇರಬೇಕೆಂದಿಲ್ಲ: ನೀರು ಪಕಾಸಿನ ಅಡಿಮೈ ಹಿಡಿದು ಕೆಳಕ್ಕೆ ಹರಿದು, ಗಂಟೋ ಮೊಳೆಯೋ ಅಡ್ಡ ಬಂದ ಕಡೆ ತೊಟ್ಟಿಕ್ಕುತ್ತದೆ. ಅದಕ್ಕೇ ಒದ್ದೆಯ ಗೆರೆಯನ್ನು ಹಿಡಿದು ನೆತ್ತಿಯ ದಿಕ್ಕಿಗೆ ಹುಡುಕುತ್ತ ಹೋಗಬೇಕು. ಒಳಗಿದ್ದವನು ಕೋಲಿನಿಂದ ಆ ಹಂಚನ್ನು ತುಸು ಎತ್ತಿ ತೋರಿಸಿದರೆ ಮಾಡಿನ ಮೇಲಿದ್ದವನಿಗೆ ಸಾವಿರ ಹಂಚಿನ ನಡುವೆ ಬೇಕಾದ್ದು ಕಣ್ಣಿಗೆ ಬೀಳುತ್ತದೆ. ಎಷ್ಟೋ ಸಲ ಮೇಲೆ ಹತ್ತುವ ಅಗತ್ಯವೂ ಇಲ್ಲ. ಮೇಲುಸಾಲಿನ ಹಂಚನ್ನು ಒಳಗಿನಿಂದಲೇ ಎತ್ತಿ ಹಿಡಿದು ಒಡೆದದ್ದನ್ನು ಎಳೆದು ಹೊಸದನ್ನು ಜಾರಿಸಬಹುದು. ಎಲ್ಲ ಹಂಚೂ ಸರಿಯಿದ್ದು ಸೋರಿದರೆ ರೀಪು ಬಾಗಿ ಕೊಂಡಿ ಸಡಿಲಾಗಿದೆ ಎಂದೋ, ಹಂಚಿನ ಕಾಲುವೆಯಲ್ಲಿ ಎಲೆ, ಪಾಚಿ ಕಟ್ಟಿ ನೀರು ಪಕ್ಕಕ್ಕೆ ಉಕ್ಕಿದೆ ಎಂದೋ, ಎರಡು ಮಾಡು ಕೂಡುವ ಮೂಲೆಯ ದೋಣಿ ತುಂಬಿದೆ ಎಂದೋ ಅರ್ಥ. ಇವನ್ನೆಲ್ಲ ಮಳೆಗೆ ಮೊದಲು ಒಮ್ಮೆ ಹಂಚು ಕೈಯಾಡಿಸುವುದರಲ್ಲಿ ನೋಡಿಕೊಳ್ಳುತ್ತಿದ್ದರು. ಸೋಗೆ ಹೊದಿಕೆಯ ವಾರ್ಷಿಕ ಪದ್ಧತಿ ಹಂಚಿನ ಕಾಲದಲ್ಲಿ ಕಿರಿದಾಗಿ, ಆದರೂ ತಪ್ಪದೆ ಮುಂದುವರಿದದ್ದು ಹೀಗೆ.

ಆ ಪದ್ಧತಿ ಕಡಿದುಬಿದ್ದದ್ದು ಕಾಂಕ್ರೀಟಿನ ತಾರಸಿಯೊಂದಿಗೆ. ಹಂಚು ಒಡೆಯುವ ಮಂಗಗಳ ಕಾಟ, ಕೈಯಾಡಿಸುವವರ ಅಭಾವ, ಒಳ್ಳೆಯ ಮರದ ಬೆಲೆ ಎಲ್ಲವೂ ಜನರನ್ನು ತಾರಸಿಯ ಕಡೆಗೆ ದೂಡಿದವು. ಅಂಗಳ ಸಾಲದವರಿಗೆ ಅಡಿಕೆ ಒಣಗಿಸಲು ಅದು ಅನುಕೂಲವೂ ಹೌದು. ಜೊತೆಗೆ ಒಂದು ನಂಬಿಕೆಯೂ ಬಂತು: ಇನ್ನು ಮಾಡನ್ನು ನೋಡಬೇಕಾಗಿಲ್ಲ ಎಂಬ ನಂಬಿಕೆ. ಆದರೆ ಸ್ಲ್ಯಾಬಿನ ಮೇಲಿನ ಕೂದಲೆಳೆಯ ಬಿರುಕಿಗೆ ಇಳಿದ ನೀರು ಒಳಗೇ ಪಯಣಿಸಿ ಇನ್ನೊಂದು ಕೋಣೆಯ ಮೂಲೆಯಲ್ಲಿ, ಕೆಲವೊಮ್ಮೆ ಮಳೆ ನಿಂತ ಎಷ್ಟೋ ದಿನದ ಮೇಲೆ ಕಾಣಿಸಿಕೊಳ್ಳುತ್ತದೆ. ಮೊದಲಿಗೆ ಬಣ್ಣ ಗುಳ್ಳೆಯೇಳುತ್ತದೆ. ಬಳಿಕ ಉಪ್ಪಿನಂಥ ಬಿಳಿ ಹುಡಿ, ಕರಿ ಬೂಷ್ಟು. ಅಷ್ಟರಲ್ಲಿ ಒಳಗಿನ ಕಬ್ಬಿಣ ತುಕ್ಕು ಹಿಡಿದಿರುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಕಾದ್ದರಿಂದ ಅದು ಉಬ್ಬಿ ಸಿಮೆಂಟನ್ನು ಒಡೆದು ಕೆಳಕ್ಕೆ ಕೆಡಹುತ್ತದೆ. ಒಡೆದ ಹಂಚು ಅದೇ ದಿನ ಹೇಳಿಬಿಡುವುದನ್ನು ಸ್ಲ್ಯಾಬು ವರ್ಷಗಟ್ಟಲೆ ಮುಚ್ಚಿಡುತ್ತದೆ.

ಸರಿಯಾಗಿ ಹಾಕಿದ ಕಾಂಕ್ರೀಟು ಸೋರುವುದಿಲ್ಲ, ದೋಷ ಕೆಲಸಗಾರಿಕೆಯದು ಎಂದು ಎಂಜಿನಿಯರುಗಳು ಹೇಳುತ್ತಾರೆ. ಅದು ನಿಜ. ಇಳಿಜಾರು ಸರಿಯಿದ್ದು, ಸಾಕಷ್ಟು ದಿನ ನೀರುಣಿಸಿ, ಕೈಪಿಡಿ ಗೋಡೆಯ ಬುಡವನ್ನು ಗುಂಡಾಗಿ ಗಾರೆ ಮಾಡಿದರೆ ತಾರಸಿ ಬಹುಕಾಲ ಬಾಳುತ್ತದೆ. ಆದರೆ ಸುಡುವ ಏಪ್ರಿಲ್‌ಗೂ ನೆನೆದೇ ಇರುವ ಜುಲೈಗೂ ನಡುವೆ ಪ್ರತಿ ವರ್ಷ ಹಿಗ್ಗಿ ಕುಗ್ಗುವ ವಸ್ತುವಿನಲ್ಲಿ ಬಿರುಕು ಬಾರದು ಎಂದು ಯಾರೂ ಬರೆದುಕೊಡಲಾರರು. ಸಿದ್ದಾಪುರ, ಶಿರಸಿಯ ರಸ್ತೆಬದಿಯಲ್ಲಿ ಇಂದು ಕಾಣುವ, ತಾರಸಿಯ ಮೇಲೆ ಮತ್ತೆ ಕಬ್ಬಿಣದ ಕಂಬ ನಿಲ್ಲಿಸಿ ಇಳಿಜಾರಾಗಿ ಹೊದಿಸಿದ ತಗಡಿನ ಶೀಟುಗಳೇ ಎಂಜಿನಿಯರುಗಳ ವಾದಕ್ಕೆ ಜನ ಕೊಟ್ಟ ಉತ್ತರ. ಒಂದು ಮನೆಗೆ ಎರಡು ಮಾಡಿನ ಖರ್ಚು ಹಾಕಿ ನಾವು ಮರಳಿದ್ದು ಹಿಂದಿನವರ ಇಳಿಜಾರಿಗೇ. ಮಾಡು ಮರಳಿತು, ವರ್ಷಕ್ಕೊಮ್ಮೆ ನೋಡುವ ರೂಢಿ ಮರಳಲಿಲ್ಲ. ಶೀಟಿನ ಮೊಳೆಯ ರಬ್ಬರು ವಾಷರು ಬಿಸಿಲಿಗೆ ಸೀಳಿದ್ದನ್ನು ಸೋರಿದ ಮೇಲೆಯೇ ನೋಡುವವರು ಹೆಚ್ಚು.

ಆಳು ಸಿಗುವುದಿಲ್ಲ ಎಂಬುದು ಕೊನೆಯ ಆಕ್ಷೇಪಣೆ. ಪೂರ್ತಿ ಹೊದಿಕೆಗೆ ಆಳು ಬೇಕು, ನೋಡುವುದಕ್ಕೆ ಬೇಡ. ಮೇ ತಿಂಗಳ ಒಂದು ಬೆಳಿಗ್ಗೆ ಸಾಕು. ಹಂಚಿನ ಮನೆಯಾದರೆ ಅಟ್ಟ ಹತ್ತಿ ಬೆಳಕಿನ ಗೆರೆ ಹುಡುಕಿ, ಬದಲಿಗೆಂದು ಹತ್ತಿಪ್ಪತ್ತು ಹಳೆಯ ಹಂಚನ್ನು ಕೊಟ್ಟಿಗೆಯಲ್ಲಿ ಒರಗಿಸಿಡಿ, ಏಕೆಂದರೆ ಮಂಗಳೂರಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚುತ್ತಿವೆ, ಅದೇ ಅಚ್ಚಿನ ಹಂಚು ಮುಂದೆ ಸಿಗದಿರಬಹುದು. ತಾರಸಿಯಾದರೆ ನೀರಿಳಿಯುವ ತೂತಿನ ಎಲೆ ತೆಗೆದು, ಕಿಂಡಿ ಕಟ್ಟಿ ಒಂದು ದಿನ ಎರಡಂಗುಲ ನೀರು ನಿಲ್ಲಿಸಿ ಕೆಳಗಿನ ಗಾರೆಯನ್ನು ಗಮನಿಸಿ. ಹೊಸ ಮನೆ ಕಟ್ಟಿಸುವವರು ಮೇಸ್ತ್ರಿಯ ಹತ್ತಿರ ಮೊದಲ ದಿನವೇ ಹೇಳಿ: ಮಾಡಿನವರೆಗೆ ಹತ್ತಲು ಮನೆಯವರಿಗೆ ಒಂದು ಭದ್ರವಾದ ಮೆಟ್ಟಿಲು ಬೇಕೇ ಬೇಕು.